ಊರು ಚಿಕ್ಕದು, ಕಾಲೇಜು ದೊಡ್ಡದು: ನರ್ಸ್ ಕೆಲಸ ಎಲ್ಲಿದೆ?

‘ನರ್ಸಿಂಗ್ ಓದಿದವರಿಗೆ ಕೆಲಸಕ್ಕೇನು ಬರ?’ ಈ ಮಾತು ಕೇಳದ ನರ್ಸಿಂಗ್ ವಿದ್ಯಾರ್ಥಿ ಇರಲಿಕ್ಕಿಲ್ಲ. ಮಾತು ಸುಳ್ಳೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರತಂದ ವರದಿಯ ಪ್ರಕಾರ, 2023ರಲ್ಲಿ ಇಡೀ ಜಗತ್ತಿನಲ್ಲಿ 2.98 ಕೋಟಿ ನರ್ಸ್‌ಗಳಿದ್ದರು. ಇನ್ನೂ 58 ಲಕ್ಷ ಮಂದಿ ಬೇಕಿತ್ತು. ಇಷ್ಟು ದೊಡ್ಡ ಕೊರತೆ ಇರುವ ಕೆಲಸ ಬೇರೆ ಯಾವುದಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ.

ಆದರೆ ಒಂದು ಚಿಕ್ಕ ಕಾಲೇಜು ಊರಿನಲ್ಲಿ ಓದು ಮುಗಿಸಿ, ಪರೀಕ್ಷೆ ಪಾಸಾಗಿ, ನೋಂದಣಿಯನ್ನೂ ಮಾಡಿಸಿಕೊಂಡು ಅಲ್ಲೇ ಕೆಲಸ ಹುಡುಕುತ್ತಿರುವವರನ್ನು ಕೇಳಿ ನೋಡಿ. ‘ಅರ್ಜಿ ಕೊಟ್ಟಿದ್ದೇನೆ, ಜಾಗ ಖಾಲಿಯಾದರೆ ಹೇಳ್ತೀವಿ ಅಂದಿದ್ದಾರೆ’ ಎನ್ನುತ್ತಾರೆ. ತಿಂಗಳುಗಳು ಕಳೆದರೂ ಅದೇ ಉತ್ತರ. ಎರಡೂ ನಿಜ. ನಾಡಿಗೆಲ್ಲ ಮಳೆಯಾಯಿತು ಅಂದ ಮಾತ್ರಕ್ಕೆ ನಮ್ಮ ಹೊಲ ನೆನೆದಿರಬೇಕು ಅಂತೇನಿಲ್ಲವಲ್ಲ. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವಿದೆ. ಜಗತ್ತಿನ ನರ್ಸ್‌ಗಳಲ್ಲಿ ಶೇ 78ರಷ್ಟು ಮಂದಿ ಕೆಲಸ ಮಾಡುವ ದೇಶಗಳಲ್ಲಿ ಇರುವುದು ಜಗತ್ತಿನ ಶೇ 49ರಷ್ಟು ಜನ ಮಾತ್ರ. ದೇಶ ದೇಶಗಳ ನಡುವೆಯೇ ಇಷ್ಟು ಏರುಪೇರಿದ್ದರೆ ಊರು ಊರಿನ ನಡುವೆ ಇರದೇ ಇರುತ್ತದೆಯೇ?

ನಾನು ನರ್ಸ್. ವಾರ್ಡ್‌ಗಳಲ್ಲಿ ಬಹಳ ವರ್ಷ ಡ್ಯೂಟಿ ಮಾಡಿದ್ದೇನೆ. ಈಗ ಪೋಸ್ಟಿಂಗ್‌ಗೆ, ಅಂದರೆ ವಾರ್ಡ್‌ನಲ್ಲಿ ಕೆಲಸ ಕಲಿಯಲು ಬರುವ ವಿದ್ಯಾರ್ಥಿಗಳನ್ನು ನೋಡಿಕೊಳ್ಳುತ್ತೇನೆ. ಕೊನೆಯ ವರ್ಷದವರು ಡ್ಯೂಟಿ ಮುಗಿಸಿ ಹೊರಡುವ ಹೊತ್ತಿಗೆ ಹತ್ತಿರ ಬಂದು ಮೆಲ್ಲಗೆ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. ‘ಸಿಸ್ಟರ್, ಇಲ್ಲೇ ಕೆಲಸ ಸಿಗುತ್ತಾ?’ ಒಂದು ಸಾಲಿನಲ್ಲಿ ಉತ್ತರ ಹೇಳಿ ಕಳಿಸಿದರೆ ಅವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಇಂಥ ಊರಿನ ಸ್ವಭಾವ ನೋಡೋಣ. ಕಾಲೇಜು ಊರಿನಲ್ಲಿ ಜನಸಂಖ್ಯೆ ಜಾಸ್ತಿ ಕಾಣುತ್ತದೆ, ಆದರೆ ಅದರಲ್ಲಿ ದೊಡ್ಡ ಪಾಲು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಅವರಿಗೆ ಜ್ವರ ಬರುತ್ತದೆ, ಬೈಕಿನಿಂದ ಬೀಳುತ್ತಾರೆ, ಪರೀಕ್ಷೆ ಹತ್ತಿರ ಬಂದಾಗ ನಿದ್ದೆ ಕೆಡುತ್ತಾರೆ. ಆದರೆ ವಾರಗಟ್ಟಲೆ ಆಸ್ಪತ್ರೆಯ ಹಾಸಿಗೆ ಹಿಡಿದು ಮಲಗುವುದಿಲ್ಲ. ಹಾಸಿಗೆಗಳು ತುಂಬುವುದು ವಯಸ್ಸಾದವರಿಂದ. ಹೃದಯ, ಕಿಡ್ನಿ, ಸಕ್ಕರೆ ಕಾಯಿಲೆ, ಸೊಂಟದ ಮೂಳೆ ಮುರಿತ, ಪಾರ್ಶ್ವವಾಯು. ಅಂಥವರು ಕಡಿಮೆ ಇರುವ ಊರಿನಲ್ಲಿ ಜನಸಂಖ್ಯೆಗೆ ತಕ್ಕಷ್ಟು ಹಾಸಿಗೆಗಳು ಇರುವುದಿಲ್ಲ. ರಜೆ ಶುರುವಾದರೆ ಅರ್ಧ ಊರೇ ಖಾಲಿ. ಕಾಯಿಲೆ ಗಂಭೀರವಾದರೆ ಜನ ದೊಡ್ಡ ನಗರಕ್ಕೆ ಹೋಗುತ್ತಾರೆ.

ಇನ್ನೊಂದು ಕಡೆ, ಅದೇ ಊರಿನ ನರ್ಸಿಂಗ್ ಕಾಲೇಜಿನಿಂದ ಪ್ರತಿ ವರ್ಷ ಒಂದು ಬ್ಯಾಚ್ ಹೊರಬರುತ್ತದೆ. ಅದರಲ್ಲಿ ಕೆಲವರಿಗಾದರೂ ಅಲ್ಲೇ ಉಳಿಯುವ ಆಸೆ ಇರುತ್ತದೆ. ಊರು ಹಿಡಿಸಿರುತ್ತದೆ, ಗೆಳೆಯರು ಅಲ್ಲಿರುತ್ತಾರೆ, ಪೋಸ್ಟಿಂಗ್ ಮಾಡಿದ ಆಸ್ಪತ್ರೆಯ ಮೂಲೆ ಮೂಲೆಯೂ ಗೊತ್ತಿರುತ್ತದೆ. ಇವರ ಜೊತೆಗೆ ಇನ್ನೊಂದು ಗುಂಪಿದೆ. ಗಂಡನಿಗೋ ಹೆಂಡತಿಗೋ ಕಾಲೇಜಿನಲ್ಲಿ ಕೆಲಸ ಸಿಕ್ಕಿದೆ ಅಂತ ಊರಿಗೆ ಬಂದ ನರ್ಸ್‌ಗಳು. ಅನುಭವ ಬೇಕಾದಷ್ಟಿದೆ, ಊರು ಬಿಟ್ಟು ಹೋಗುವ ಹಾಗಿಲ್ಲ. ಖಾಲಿಯಾಗುವ ಕೆಲವೇ ಜಾಗಗಳಿಗೆ ಇವರೂ ಅರ್ಜಿ ಹಾಕುತ್ತಾರೆ. ಹೊಸದಾಗಿ ಪಾಸಾದವರ ಅರ್ಜಿ ಅಡಿಗೆ ಹೋಗುತ್ತದೆ.

ಹಾಗಾಗಿ ಆಸ್ಪತ್ರೆ ಎಷ್ಟು ಹಾಸಿಗೆಯದು ಅಂತ ವಿಚಾರಿಸುವುದಕ್ಕಿಂತ, ಅಲ್ಲಿಂದ ವರ್ಷಕ್ಕೆ ಎಷ್ಟು ನರ್ಸ್‌ಗಳು ಬಿಟ್ಟು ಹೋಗುತ್ತಾರೆ ಅಂತ ವಿಚಾರಿಸಿ. ಹೊಸ ಕಟ್ಟಡ ಏಳದ ಊರಿನಲ್ಲಿ ಹೊಸ ಕೆಲಸ ಹುಟ್ಟುವುದೇ ಯಾರಾದರೂ ನಿವೃತ್ತಿಯಾದಾಗ, ಹೆರಿಗೆ ರಜೆಗೆ ಹೋದಾಗ, ಬೇರೆ ಊರಿಗೆ ಹೋದಾಗ. ನೆಮ್ಮದಿಯ ಚಿಕ್ಕ ಊರುಗಳಲ್ಲಿ ಒಮ್ಮೆ ಸೇರಿದವರು ಇಪ್ಪತ್ತು, ಮೂವತ್ತು ವರ್ಷ ಅಲ್ಲೇ ಇರುವುದು ಉಂಟು. ಆಸ್ಪತ್ರೆಗೆ ಅದು ಒಳ್ಳೆಯದು, ರೋಗಿಗೂ ಒಳ್ಳೆಯದು. ಬಾಗಿಲಲ್ಲಿ ಕಾಯುವವರಿಗೆ ಮಾತ್ರ ಕಷ್ಟ. ತುಂಬಾ ಜನ ಬಿಟ್ಟು ಹೋಗುವ ಆಸ್ಪತ್ರೆಯಲ್ಲಿ ಜಾಗ ಬೇಗ ಸಿಗುತ್ತದೆ, ಆದರೆ ಯಾಕೆ ಬಿಟ್ಟು ಹೋದರು ಅನ್ನುವುದನ್ನೂ ಕೇಳಿ ತಿಳಿದುಕೊಳ್ಳಬೇಕು.

ನನಗೆ ಇದಕ್ಕಿಂತ ಹೆಚ್ಚು ಕಾಡುವ ವಿಷಯ ಬೇರೆ. ಬಹಳಷ್ಟು ಆಸ್ಪತ್ರೆಗಳಲ್ಲಿ ನರ್ಸ್‌ಗಳು ಸಾಲದು. ಅದು ಡ್ಯೂಟಿ ಮಾಡುವವರಿಗೆ ಗೊತ್ತು, ರೋಗಿಗಳ ಮನೆಯವರಿಗೂ ಗೊತ್ತು. ಆದರೂ ‘ಜಾಗ ಖಾಲಿಯಿಲ್ಲ’ ಎಂಬ ಬೋರ್ಡು. ಇದು ಹೇಗೆ? ಕೆಲಸ ಇರುವುದು ಬೇರೆ, ಆ ಕೆಲಸಕ್ಕೆ ಹುದ್ದೆ ಇರುವುದು ಬೇರೆ. ಸಂಬಳಕ್ಕೆ ದುಡ್ಡು ತೆಗೆದಿಟ್ಟಾಗ ಮಾತ್ರ ಹುದ್ದೆ ಹುಟ್ಟುತ್ತದೆ. ಅಲ್ಲಿಯವರೆಗೆ ಆ ಕೆಲಸವನ್ನು ಇರುವ ನರ್ಸ್‌ಗಳೇ ಓಡಾಡಿ ಮಾಡುತ್ತಾರೆ, ಇಲ್ಲವೇ ಆ ಕೆಲಸ ಆಗುವುದೇ ಇಲ್ಲ. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕಿತ್ತು, ಆಗಲಿಲ್ಲ. ಊಟ ಮಾಡಿಸಬೇಕಿತ್ತು, ತಟ್ಟೆ ಹಾಗೇ ವಾಪಸ್ ಹೋಯಿತು. ಯಾವ ಲೆಕ್ಕದ ಪುಸ್ತಕದಲ್ಲೂ ಇದು ಬರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 40 ಗಂಟೆ ಕೆಲಸ ಮಾಡಿದರೆ, ಹಗಲೂ ರಾತ್ರಿ ಒಬ್ಬ ನರ್ಸ್ ವಾರ್ಡ್‌ನಲ್ಲಿ ಇರಬೇಕು ಅಂದರೆ 4.2 ಜನ ಬೇಕು. ರಜೆ, ಹುಷಾರಿಲ್ಲದ ದಿನ, ತರಬೇತಿ ಎಲ್ಲ ಸೇರಿದರೆ ಐದು ಜನ ಅಂತಿಟ್ಟುಕೊಳ್ಳಿ. 30 ಹಾಸಿಗೆಯ ವಾರ್ಡ್‌ನಲ್ಲಿ ಒಬ್ಬರಿಗೆ ಹತ್ತು ರೋಗಿಗಳು ಅಂದರೆ ಪ್ರತಿ ಶಿಫ್ಟ್‌ಗೆ ಮೂವರು. ಅದನ್ನೇ ಒಬ್ಬರಿಗೆ ಆರು ರೋಗಿಗಳು ಅಂತ ಮಾಡಿದರೆ ಐವರು. ಶಿಫ್ಟ್‌ಗೆ ಇಬ್ಬರು ಹೆಚ್ಚಾದರು ಅಂದರೆ ಆ ಒಂದೇ ವಾರ್ಡ್‌ನಲ್ಲಿ ಹತ್ತು ಹೊಸ ಹುದ್ದೆ! ರೋಗಿಗಳು ಅಷ್ಟೇ, ಹಾಸಿಗೆ ಅಷ್ಟೇ, ಊರೂ ಅದೇ. ಬದಲಾದದ್ದು ಒಬ್ಬ ನರ್ಸ್ ಎಷ್ಟು ಜನರನ್ನು ನೋಡಿಕೊಳ್ಳಬೇಕು ಎಂಬ ತೀರ್ಮಾನ ಮಾತ್ರ.

ಈ ತೀರ್ಮಾನವನ್ನು ಕೆಲವು ಕಡೆ ಕಾನೂನೇ ಮಾಡಿದೆ. ಅಮೆರಿಕದ ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿ 2004ರಿಂದ ಜಾರಿಗೆ ತಂದಿತು. ಸಾಮಾನ್ಯ ವಾರ್ಡ್‌ನಲ್ಲಿ ಒಬ್ಬ ನರ್ಸ್‌ಗೆ ಮೊದಲು ಆರು ರೋಗಿಗಳು, ಮರುವರ್ಷದಿಂದ ಐದು. ಐಸಿಯುನಲ್ಲಿ ಎರಡು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2015ರಲ್ಲಿ ಇಂಥದ್ದೇ ಕಾನೂನು ಮಾಡಿತು. ಇದು ಸುಮ್ನೆ ಯಾರಿಗೋ ಕೆಲಸ ಕೊಡಿಸುವ ಉಪಾಯ ಅಂದುಕೊಳ್ಳಬೇಡಿ. ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆ ರೋಗಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳಲ್ಲಿ ಒಬ್ಬರು ಹೆಚ್ಚಾದರೆ, ರೋಗಿ 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಹೆಚ್ಚಾಗಿ ಕಂಡಿತು. ಹಾಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆ ನರ್ಸ್‌ಗಳು ದಣಿದು ಬತ್ತಿಹೋಗುವ ಸಾಧ್ಯತೆ ಶೇ 23ರಷ್ಟು ಏರುತ್ತಿತ್ತು. ಹೊರಗೆ ಅರ್ಜಿ ಹಿಡಿದು ಕಾಯುವ ನರ್ಸ್, ಒಳಗೆ ದಣಿದ ನರ್ಸ್, ಹಾಸಿಗೆಯಲ್ಲಿರುವ ರೋಗಿ. ಮೂವರ ಕಷ್ಟದ ಬೇರೂ ಒಂದೇ. ಅದಕ್ಕೇ ಈ ವಿಷಯದಲ್ಲಿ ನನಗೆ ಸುಮ್ಮನಿರಲು ಆಗುವುದಿಲ್ಲ.

ಚಿಕ್ಕ ಊರಿನಲ್ಲಿ ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ದೊಡ್ಡ ಆಸ್ಪತ್ರೆ ಒಂದೇ ಇರುತ್ತದೆ. ಕೆಲಸ ಕೊಡುವವರು ಒಬ್ಬರೇ ಆದಾಗ ಸಂಬಳ ಏನಾಗುತ್ತದೆ ಅಂತ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ವಿವರಿಸಿದ್ದರು. ಕೆಲಸಗಾರರಿಗೆ ಬೇರೆ ಬಾಗಿಲು ಇಲ್ಲದಿದ್ದರೆ ಸಂಬಳ ಏರಿಸುವ ಅಗತ್ಯ ಮಾಲೀಕರಿಗೆ ಬೀಳುವುದಿಲ್ಲ. ಅವರು ಕಡಿಮೆ ಜನರನ್ನು ಕಡಿಮೆ ಸಂಬಳಕ್ಕೆ ಇಟ್ಟುಕೊಂಡೇ ನಡೆಸಬಹುದು. ಮುಂದೆ ಅರ್ಥಶಾಸ್ತ್ರದ ಪಾಠಗಳಲ್ಲಿ ಇದಕ್ಕೆ ಕೊಡುವ ಉದಾಹರಣೆಯೇ ನರ್ಸ್‌ಗಳದ್ದಾಯಿತು. 2021ರಲ್ಲಿ ಅರ್ಥಶಾಸ್ತ್ರಜ್ಞರಾದ ಎಲೆನಾ ಪ್ರೇಗರ್ ಮತ್ತು ಮ್ಯಾಟ್ ಸ್ಮಿಟ್ ಅಮೆರಿಕದ ಆಸ್ಪತ್ರೆಗಳು ಒಂದರಲ್ಲೊಂದು ಸೇರಿಹೋದಾಗ ಏನಾಯಿತು ಎಂದು ನೋಡಿದರು. ಸೇರಿದ ಮೇಲೆ ಊರಿನಲ್ಲಿ ಆಸ್ಪತ್ರೆಗಳ ನಡುವಿನ ಪೈಪೋಟಿ ತುಂಬಾ ಕಡಿಮೆಯಾದ ಕಡೆಗಳಲ್ಲಿ ನರ್ಸ್‌ಗಳ ಸಂಬಳ ಏರುವ ವೇಗ ಕುಗ್ಗಿತ್ತು. ಅಡುಗೆಮನೆ, ಶುಚಿತ್ವದ ಕೆಲಸದವರಿಗೆ ಹಾಗಾಗಲಿಲ್ಲ. ಅವರು ಆಸ್ಪತ್ರೆ ಬಿಟ್ಟು ಹೋಟೆಲಿಗೋ ಅಂಗಡಿಗೋ ಹೋಗಬಹುದು. ಐಸಿಯು ನರ್ಸ್ ಎಲ್ಲಿಗೆ ಹೋಗಬೇಕು?

ಇದರ ಪರಿಣಾಮ ಸಂಬಳಕ್ಕೆ ಮಾತ್ರ ನಿಲ್ಲುವುದಿಲ್ಲ. ಬೇರೆ ಬಾಗಿಲು ಇಲ್ಲ ಅಂತ ಗೊತ್ತಿರುವವರು ಸತತ ನೈಟ್ ಡ್ಯೂಟಿ ಹಾಕಿದರೂ ತುಟಿ ಬಿಚ್ಚುವುದಿಲ್ಲ. ವಾರ್ಡ್‌ನಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೂ ಹೇಳಲು ಹಿಂಜರಿಯುತ್ತಾರೆ. ನರ್ಸ್ ಬಾಯಿ ಮುಚ್ಚಿಕೊಂಡರೆ ನಷ್ಟ ಆಗುವುದು ರೋಗಿಗೆ.

ಕಾಲೇಜು ಊರಿಗೆ ವಿಶೇಷವಾದ ಇನ್ನೊಂದು ಸಂಗತಿ ಇದೆ. ಇದಕ್ಕೆ ಹಳೆಯ ಚರಿತ್ರೆಯೂ ಇದೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ನೂರಾರು ಆಸ್ಪತ್ರೆಗಳು ತಮ್ಮದೇ ನರ್ಸಿಂಗ್ ಶಾಲೆ ನಡೆಸುತ್ತಿದ್ದವು. ವಾರ್ಡ್‌ನ ಹೆಚ್ಚಿನ ಕೆಲಸ ಮಾಡುತ್ತಿದ್ದವರು ವಿದ್ಯಾರ್ಥಿಗಳೇ. ಓದು ಮುಗಿದ ದಿನ ಅವರಿಗೆ ಆಸ್ಪತ್ರೆಯಲ್ಲಿ ಜಾಗ ಇರುತ್ತಿರಲಿಲ್ಲ, ಯಾಕೆಂದರೆ ಮುಂದಿನ ಬ್ಯಾಚ್ ಬಂದಿರುತ್ತಿತ್ತು. ಪಾಸಾದವರು ಮನೆ ಮನೆಗೆ ಹೋಗಿ ಖಾಸಗಿಯಾಗಿ ರೋಗಿಗಳನ್ನು ನೋಡಿಕೊಂಡು ಬದುಕಬೇಕಿತ್ತು. 1923ರಲ್ಲಿ ಸಮಾಜ ಸಂಶೋಧಕಿ ಜೋಸೆಫೀನ್ ಗೋಲ್ಡ್‌ಮಾರ್ಕ್ ಬರೆದ ವರದಿ ಇದನ್ನು ಬಿಚ್ಚಿಟ್ಟಿತು. ಕಲಿಕೆ ಬೇರೆ, ಆಸ್ಪತ್ರೆಯ ದುಡಿಮೆ ಬೇರೆ ಆಗಬೇಕು ಎಂದಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಖಾಸಗಿ ನರ್ಸ್ ಇಟ್ಟುಕೊಳ್ಳಲು ಮನೆಗಳಲ್ಲಿ ದುಡ್ಡು ಉಳಿಯಲಿಲ್ಲ. ನರ್ಸ್‌ಗಳು ದೊಡ್ಡ ಸಂಖ್ಯೆಯಲ್ಲಿ ಕೆಲಸವಿಲ್ಲದೆ ಕೂತರು. ಆಸ್ಪತ್ರೆಗಳು ಪಾಸಾದ ನರ್ಸ್‌ಗಳನ್ನು ಸಂಬಳಕ್ಕೆ ಇಟ್ಟುಕೊಳ್ಳುವ ರೂಢಿ ಅಲ್ಲಿ ಬಲವಾದದ್ದು ಆಮೇಲೆ.

ಇವತ್ತಿನ ವಿದ್ಯಾರ್ಥಿಗಳೂ ಪೋಸ್ಟಿಂಗ್‌ನಲ್ಲಿ ಬಿಪಿ ನೋಡುತ್ತಾರೆ, ಹಾಸಿಗೆ ಬದಲಿಸುತ್ತಾರೆ, ಡ್ರಿಪ್ ಮೇಲೆ ಕಣ್ಣಿಡುತ್ತಾರೆ. ಕಲಿಯಬೇಕಾದರೆ ಮಾಡಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ವಿದ್ಯಾರ್ಥಿಗಳು ರಜೆಗೆ ಹೋದ ವಾರ ಒಂದು ವಾರ್ಡ್ ಕುಸಿದು ಬೀಳುತ್ತದೆ ಅಂದರೆ, ಅಲ್ಲಿ ನರ್ಸ್‌ಗಳ ಹುದ್ದೆಗಳನ್ನು ವಿದ್ಯಾರ್ಥಿಗಳಿಂದ ತುಂಬಿಸಲಾಗಿದೆ ಅಂತಲೇ ಅರ್ಥ. ನಾಳೆ ಅವರೇ ಕೆಲಸ ಕೇಳಿಕೊಂಡು ಬಂದಾಗ ಜಾಗ ಇಲ್ಲ ಅನ್ನುತ್ತಾರೆ. ಆ ಜಾಗವನ್ನು ಅವರೇ, ಸಂಬಳವಿಲ್ಲದೆ, ತುಂಬಿರುತ್ತಾರೆ.

ಇನ್ನು ಎಲ್ಲ ಕಡೆ ಎದುರಾಗುವ ಗೋಡೆ, ‘ಅನುಭವ ಇದೆಯಾ?’ ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಅಂತ ಸಿಟ್ಟು ಬರುವುದು ಸಹಜ. ಆದರೆ ಆ ಪ್ರಶ್ನೆಯ ಹಿಂದೆ ಒಂದು ನಿಜವಿದೆ. ಅಮೆರಿಕದ ನರ್ಸಿಂಗ್ ಚಿಂತಕಿ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ನರ್ಸ್ ಬೆಳೆಯುವ ಐದು ಹಂತಗಳನ್ನು ಗುರುತಿಸಿದರು. ಹೊಸಬರಿಂದ ಶುರುವಾಗಿ ಪಳಗಿದವರವರೆಗೆ. ಮೂರನೇ ಹಂತ, ಅಂದರೆ ತನ್ನ ಶಿಫ್ಟನ್ನು ತಾನೇ ಯೋಜಿಸಿ ನಿಭಾಯಿಸುವ ಹಂತ ತಲುಪಲು, ಒಂದೇ ಬಗೆಯ ಜಾಗದಲ್ಲಿ ಎರಡು ಮೂರು ವರ್ಷ ಬೇಕು ಅಂತ ಅವರ ಲೆಕ್ಕ. ನನ್ನ ಕಣ್ಣಾರೆ ಕಂಡದ್ದೂ ಅದನ್ನೇ ಹೇಳುತ್ತದೆ. ಮೊದಲ ವರ್ಷ ಔಷಧಿ ತಪ್ಪದಂತೆ ನೋಡಿಕೊಳ್ಳುವುದರಲ್ಲೇ ಜೀವ ಹೋಗುತ್ತದೆ. ಎರಡನೇ ವರ್ಷದಲ್ಲಿ ರೋಗಿಯ ಮುಖ ಕಾಣಲು ಶುರುವಾಗುತ್ತದೆ. ಆಮೇಲೆ ಒಂದು ದಿನ, ಮಾನಿಟರ್‌ನಲ್ಲಿ ಎಲ್ಲ ಸರಿಯಿದ್ದರೂ ‘ಈ ಅಜ್ಜ ಬೆಳಿಗ್ಗೆಯ ಹಾಗಿಲ್ಲ’ ಅನ್ನಿಸಿ ಡಾಕ್ಟರನ್ನು ಕರೆಯುತ್ತೀರಿ. ಆ ಕರೆ ಸರಿಯಾಗಿರುತ್ತದೆ.

ನರ್ಸಿಂಗ್ ಸಂಶೋಧಕಿ ಮಾರ್ಲೀನ್ ಕ್ರೇಮರ್ 1974ರಲ್ಲೇ ಹೊಸ ನರ್ಸ್‌ಗಳ ಮೊದಲ ತಿಂಗಳುಗಳ ಆಘಾತದ ಬಗ್ಗೆ ಬರೆದಿದ್ದರು. ಕಾಲೇಜಿನಲ್ಲಿ ಹೇಳಿಕೊಟ್ಟ ನರ್ಸಿಂಗ್ ಒಂದು, ವಾರ್ಡ್‌ನಲ್ಲಿ ಸಮಯ ಸಿಗುವ ನರ್ಸಿಂಗ್ ಇನ್ನೊಂದು. ಅದನ್ನು ತಡೆದುಕೊಳ್ಳಲು ಜೊತೆಗೆ ಒಬ್ಬ ಹಿರಿಯರು ಬೇಕು. ಅದಕ್ಕೇ ನಾನು ಹುಡುಗ ಹುಡುಗಿಯರಿಗೆ ಹೇಳುವುದು, ಮೊದಲ ಕೆಲಸವನ್ನು ಊರು ನೋಡಿ ಆರಿಸಬೇಡಿ, ಕಲಿಸುವವರು ಯಾರಿದ್ದಾರೆ ಅಂತ ನೋಡಿ ಆರಿಸಿ. ಚಿಕ್ಕ ಊರಿನ ಆಸ್ಪತ್ರೆಯಲ್ಲಿ ಅಂಥ ಹಿರಿಯರಿದ್ದರೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಅಲ್ಲಿ ಒಂದೇ ವಾರದಲ್ಲಿ ಹೆರಿಗೆ, ಹಾವು ಕಡಿತ, ಹೃದಯಾಘಾತ, ಮಗುವಿನ ನ್ಯುಮೋನಿಯಾ ಎಲ್ಲ ನೋಡಬಹುದು. ದೊಡ್ಡ ಆಸ್ಪತ್ರೆಯಲ್ಲಿ ಒಂದೇ ವಿಭಾಗದಲ್ಲಿ ಆಳವಾಗಿ ಕಲಿಯುತ್ತೀರಿ, ಇಲ್ಲಿ ಎಲ್ಲದಕ್ಕೂ ಕೈ ಪಳಗುತ್ತದೆ. ಹಿರಿಯರು ಯಾರೂ ಇಲ್ಲದೆ ಸೇರಿದ ಮೊದಲ ವಾರವೇ ರಾತ್ರಿ ಒಬ್ಬರನ್ನೇ ಬಿಡುವ ಜಾಗವಾದರೆ, ಎಷ್ಟೇ ಹತ್ತಿರವಿದ್ದರೂ ಬೇಡ ಅನ್ನುತ್ತೇನೆ.

ಕೆಲಸ ಅಂದರೆ ದೊಡ್ಡ ಆಸ್ಪತ್ರೆಯ ವಾರ್ಡ್ ಮಾತ್ರ ಅಂತ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಮ್ಮ ವೃತ್ತಿಯ ಚರಿತ್ರೆ ಹಾಗಿಲ್ಲ. 1859ರಲ್ಲಿ ಲಿವರ್‌ಪೂಲ್‌ನ ವ್ಯಾಪಾರಿ ವಿಲಿಯಂ ರಾತ್‌ಬೋನ್ ತನ್ನ ಹೆಂಡತಿಯ ಕೊನೆಗಾಲದಲ್ಲಿ ಆರೈಕೆ ಮಾಡಿದ ಮೇರಿ ರಾಬಿನ್ಸನ್ ಎಂಬ ನರ್ಸನ್ನು ಕರೆದು, ಬಡವರ ಮನೆಗಳಿಗೆ ಹೋಗಿ ಇದೇ ಆರೈಕೆ ಮಾಡಲು ಸಂಬಳ ಕೊಟ್ಟ. ಮನೆ ಮನೆಗೆ ಹೋಗುವ ನರ್ಸ್‌ಗಳ ವ್ಯವಸ್ಥೆ ಇಂಗ್ಲೆಂಡಿನಲ್ಲಿ ಬೆಳೆದದ್ದು ಅಲ್ಲಿಂದ. 1902ರಲ್ಲಿ ನ್ಯೂಯಾರ್ಕ್‌ನಲ್ಲಿ ಮಕ್ಕಳನ್ನು ಕಜ್ಜಿ, ಕಣ್ಣುಬೇನೆ ಅಂತ ಶಾಲೆಯಿಂದ ಮನೆಗೆ ಕಳಿಸಿಬಿಡುತ್ತಿದ್ದರು. ಚಿಕಿತ್ಸೆ ಕೊಡಿಸುವವರಿಲ್ಲದೆ ಮಕ್ಕಳು ಬೀದಿಯಲ್ಲಿ ಇರುತ್ತಿದ್ದವು. ಬಡವರ ಮನೆಗಳಿಗೆ ನರ್ಸ್‌ಗಳನ್ನು ಕಳಿಸುವ ಸಂಸ್ಥೆ ನಡೆಸುತ್ತಿದ್ದ ನರ್ಸ್ ಲಿಲಿಯನ್ ವಾಲ್ಡ್ ತನ್ನ ಸಂಸ್ಥೆಯ ಲೀನಾ ರಾಜರ್ಸ್ ಎಂಬ ನರ್ಸನ್ನು ನಾಲ್ಕು ಶಾಲೆಗಳಿಗೆ ಕಳಿಸಿದರು. ಒಂದು ತಿಂಗಳ ಪ್ರಯೋಗ. ಮಕ್ಕಳ ಗೈರುಹಾಜರಿ ಎಷ್ಟು ಇಳಿಯಿತೆಂದರೆ ನಗರವೇ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿತು. ಯಾರೂ ಮಾಡದೆ ಬಿಟ್ಟ ಕೆಲಸವನ್ನು ಒಬ್ಬ ನರ್ಸ್ ಮಾಡಿ ತೋರಿಸಿದಾಗ ಹುದ್ದೆ ಹುಟ್ಟಿದೆ. ಇದು ನನಗೆ ತುಂಬಾ ಹಿಡಿಸುವ ಮಾತು.

ಕಾಲೇಜು ಊರಿನಲ್ಲಿ ಹೀಗೆ ಮಾಡದೆ ಬಿಟ್ಟ ಕೆಲಸ ಬೇಕಾದಷ್ಟಿದೆ. ಸಾವಿರಾರು ವಿದ್ಯಾರ್ಥಿಗಳು, ಮೊದಲ ಸಲ ಮನೆ ಬಿಟ್ಟು ಬಂದವರು. ಅವರ ಮನಸ್ಸಿನ ಆರೋಗ್ಯ ನೋಡುವವರು ಎಷ್ಟು ಮಂದಿ? ಮಾನಸಿಕ ಆರೋಗ್ಯದ ನರ್ಸಿಂಗ್ ಕಲಿತವರಿಗೆ ಹಾಸ್ಟೆಲ್‌ಗಳಿರುವ ಪ್ರತಿ ಊರಿನಲ್ಲೂ ಕೆಲಸ ಇರಬೇಕು. ಹದಿನೆಂಟರ ಹುಡುಗನಿಗೆ ಸಕ್ಕರೆ ಕಾಯಿಲೆ ಇದ್ದು, ಇನ್ಸುಲಿನ್ ಜವಾಬ್ದಾರಿ ಅಮ್ಮನ ಕೈಯಿಂದ ಅವನ ಕೈಗೆ ಬಂದಿರುತ್ತದೆ. ಅವನಿಗೆ ಬೇಕಾದದ್ದು ಐಸಿಯು ಅಲ್ಲ, ಕ್ಯಾಂಪಸ್ಸಿನ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಮಾತಾಡಿಸುವ ಒಬ್ಬ ನರ್ಸ್. ಡಯಾಲಿಸಿಸ್ ಕೇಂದ್ರ, ಮನೆಗೆ ಹೋಗಿ ಗಾಯದ ಡ್ರೆಸ್ಸಿಂಗ್ ಮಾಡುವುದು, ಮಕ್ಕಳು ದೂರವಿರುವ ನಿವೃತ್ತ ಮೇಷ್ಟ್ರುಗಳ ಆರೈಕೆ, ಕೊನೆಗಾಲದ ಶುಶ್ರೂಷೆ. 1967ರಲ್ಲಿ ಲಂಡನ್ನಿನಲ್ಲಿ ಆಧುನಿಕ ಹಾಸ್ಪಿಸ್, ಅಂದರೆ ಕೊನೆಗಾಲದ ರೋಗಿಗಳ ಆರೈಕೆಯ ಮನೆ ಶುರುಮಾಡಿದ ಸಿಸಿಲಿ ಸಾಂಡರ್ಸ್ ಡಾಕ್ಟರ್ ಆಗುವ ಮೊದಲು ನರ್ಸ್ ಆಗಿದ್ದವರು.

ಆದರೆ ಒಂದು ಮಾತು ಮುಚ್ಚಿಡುವುದು ಸರಿಯಲ್ಲ. ಮನೆಗೆ ಹೋಗಿ ಮಾಡುವ ಕೆಲಸದಲ್ಲಿ ನೀವು ಒಬ್ಬರೇ. ಪಕ್ಕದಲ್ಲಿ ಕೇಳಲು ಯಾರೂ ಇರುವುದಿಲ್ಲ. ವಾರ್ಡ್‌ನಲ್ಲಿ ಕಣ್ಣು ಪಳಗಿದ ಮೇಲೆ ಈ ಕೆಲಸ ಚೆನ್ನ. ಓದು ಮುಗಿದ ತಕ್ಷಣ ಅಂದರೆ ನನಗೆ ಭಯವಾಗುತ್ತದೆ. ಸಂಬಳ ಕೂಡ ಹಲವು ಕಡೆ ಆಸ್ಪತ್ರೆಗಿಂತ ಕಡಿಮೆ, ಕೆಲಸದ ಭದ್ರತೆಯೂ ಕಡಿಮೆ.

ಕಲಿಸುವ ಕೆಲಸವೂ ಇದೆಯಲ್ವಾ? ಕಾಲೇಜು ಅಲ್ಲೇ ಇದೆ. ಅದಕ್ಕೆ ಮುಂದಿನ ಓದು ಬೇಕು, ವಾರ್ಡ್ ಅನುಭವವೂ ಬೇಕು. ಎರಡೂ ಇದ್ದು ಕಲಿಸುವ ಮನಸ್ಸೂ ಇರುವವರು ಕಡಿಮೆ. ಊರಲ್ಲೇ ಉಳಿಯಬೇಕು ಅನ್ನುವವರು ಇದನ್ನು ಮೊದಲೇ ತಲೆಯಲ್ಲಿಟ್ಟುಕೊಂಡರೆ ಒಳ್ಳೆಯದು.

ಊರು ಬಿಡುವ ಬಗ್ಗೆ ಒಂದಿಷ್ಟು ಹೇಳಬೇಕು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಶಾಲೆ ಶುರುವಾದಾಗಲೇ, ಕಲಿತವರು ಹೊರಗೆ ಹೋಗಿ ಬೇರೆ ಆಸ್ಪತ್ರೆಗಳನ್ನು ಕಟ್ಟಬೇಕು ಎಂಬ ಯೋಚನೆ ಅದರಲ್ಲಿತ್ತು. ಅಲ್ಲಿ ಕಲಿತ ಲೂಸಿ ಆಸ್ಬರ್ನ್ 1868ರಲ್ಲಿ ಐವರು ನರ್ಸ್‌ಗಳ ಜೊತೆ ಹಡಗಿನಲ್ಲಿ ಸಿಡ್ನಿಗೆ ಹೋಗಿ ಇಳಿದರು. ಇವತ್ತು ಜಗತ್ತಿನಲ್ಲಿ ಏಳು ನರ್ಸ್‌ಗಳಲ್ಲಿ ಒಬ್ಬರು ತಾವು ಹುಟ್ಟಿದ ದೇಶದ ಹೊರಗೆ ಕೆಲಸ ಮಾಡುತ್ತಿದ್ದಾರೆ. ನಮ್ಮ ಕೆಲಸ ಮೊದಲಿಂದಲೂ ಕಾಲಿಗೆ ಚಕ್ರ ಕಟ್ಟಿಕೊಂಡಿದೆ.

ಎರಡು ಮೂರು ವರ್ಷ ದೊಡ್ಡ ಊರಿನಲ್ಲಿ ಕೆಲಸ ಮಾಡಿ ವಾಪಸ್ ಬಂದವರಿಗೆ ಚಿಕ್ಕ ಊರಿನ ಅದೇ ಬಾಗಿಲು ಬೇರೆ ರೀತಿ ತೆರೆಯುತ್ತದೆ. ಐಸಿಯು, ಓಟಿ (ಶಸ್ತ್ರಚಿಕಿತ್ಸೆಯ ಕೋಣೆ), ಡಯಾಲಿಸಿಸ್, ನವಜಾತ ಶಿಶುಗಳ ಆರೈಕೆ, ಇಂಥದ್ದು ಕಲಿತು ಬಂದವರನ್ನು ಚಿಕ್ಕ ಆಸ್ಪತ್ರೆಗಳು ಹುಡುಕಿಕೊಂಡು ಬರುತ್ತವೆ. ನನ್ನ ಜೊತೆ ಓದಿದ ಒಬ್ಬಳಿಗೆ ಓದಿದ ಊರಿನಲ್ಲಿ ಜಾಗ ಸಿಗಲಿಲ್ಲ. ದೂರ ಹೋಗಿ ಡಯಾಲಿಸಿಸ್ ಕಲಿತಳು. ವಾಪಸ್ ಬಂದಾಗ ಅಲ್ಲಿ ಆ ಯಂತ್ರಗಳನ್ನು ಭರವಸೆಯಿಂದ ನಡೆಸುವವರು ಬೇಕಾಗಿದ್ದರು.

ಎಲ್ಲರಿಗೂ ಹೋಗಲು ಆಗುವುದಿಲ್ಲ ಅನ್ನುವುದೂ ನನಗೆ ಗೊತ್ತು. ಹಾಸಿಗೆ ಹಿಡಿದ ತಂದೆ, ಸಣ್ಣ ಮಗು, ಸಾಲ, ಗಂಡನ ಮನೆಯವರ ಒಪ್ಪಿಗೆ. ನರ್ಸ್‌ಗಳಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಮನೆಯ ಆರೈಕೆಯೂ ಅವರ ಹೆಗಲ ಮೇಲೇ. ‘ಹೊರಗೆ ಹೋಗಿ, ಬೇಕಾದಷ್ಟು ಕೆಲಸ ಇದೆ’ ಅಂತ ಹೇಳುವುದು ಸುಲಭ. ಉಳಿದವರು ಆಸೆ ಇಲ್ಲದವರಲ್ಲ, ಧೈರ್ಯ ಇಲ್ಲದವರೂ ಅಲ್ಲ. ಅವರಿಗೆ ನಾನು ಹೇಳುವುದು, ಅರೆಕಾಲಿಕ ಕೆಲಸವಾದರೂ ಸರಿ, ರಜೆಯ ಮೇಲೆ ಹೋದವರ ಬದಲಿಗೆ ಆದರೂ ಸರಿ, ವಾರ್ಡ್‌ನ ಸಂಪರ್ಕ ಬಿಡಬೇಡಿ. ನೋಂದಣಿ ನವೀಕರಣ ತಪ್ಪಿಸಬೇಡಿ. ಎರಡು ವರ್ಷ ಕೈ ಬಿಟ್ಟರೆ ಕೈಗೂ ಮರೆಯುತ್ತದೆ, ಕೆಲಸ ಕೊಡುವವರಿಗೂ ಅನುಮಾನ ಬರುತ್ತದೆ.

ಕಾಲದ ಏರಿಳಿತವನ್ನೂ ಮರೆಯಬಾರದು. 2007, 2008ರಲ್ಲಿ ಅಮೆರಿಕದ ಆರ್ಥಿಕತೆ ಕುಸಿಯುತ್ತಿದ್ದಾಗ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಸಂಖ್ಯೆ 2 ಲಕ್ಷಕ್ಕೂ ಹೆಚ್ಚು ಏರಿತು. ಮನೆಯಲ್ಲಿ ಸಂಗಾತಿಯ ಕೆಲಸ ಹೋದಾಗ, ಬಿಟ್ಟಿದ್ದ ನರ್ಸ್‌ಗಳು ವಾಪಸ್ ಬಂದರು, ನಿವೃತ್ತಿಯಾಗಬೇಕಿದ್ದವರು ಮುಂದೂಡಿದರು. ಹೊಸದಾಗಿ ಪಾಸಾದವರು ಮುಂದಿನ ಕೆಲವು ವರ್ಷ ಕೆಲಸಕ್ಕೆ ಪರದಾಡಿದರು. ಆ ಮಕ್ಕಳ ಓದಿನಲ್ಲಿ ಏನೂ ಕೊರತೆ ಇರಲಿಲ್ಲ. ಹಾಗಾಗಿ ಒಂದು ವರ್ಷ ಜಾಗ ಸಿಗಲಿಲ್ಲ ಅಂದರೆ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.

ಕೊನೆಗೆ ಕಾಲೇಜುಗಳಿಗೆ ಒಂದು ಮಾತು. ಸೀಟು ತುಂಬಿಸುವಾಗ ಜಗತ್ತಿನ ಕೊರತೆಯ ಅಂಕಿ ತೋರಿಸುತ್ತೀರಿ. ಊರಿನ ಅಂಕಿಯನ್ನೂ ತೋರಿಸಿ. ಹಿಂದಿನ ಬ್ಯಾಚ್‌ನಲ್ಲಿ ಎಷ್ಟು ಮಂದಿ ಈಗ ನರ್ಸ್ ಆಗಿ ಕೆಲಸ ಮಾಡುತ್ತಿದ್ದಾರೆ, ಅವರಲ್ಲಿ ಎಷ್ಟು ಮಂದಿ ಇದೇ ಊರಿನಲ್ಲಿ, ಎಷ್ಟು ತಿಂಗಳು ಕಾದ ಮೇಲೆ ಸಿಕ್ಕಿತು. ಇದನ್ನು ಪ್ರವೇಶದ ದಿನವೇ ತಂದೆತಾಯಿಗಳ ಮುಂದೆ ಇಡಬೇಕು. ಆಗ ಓದುವ ವರ್ಷಗಳಲ್ಲೇ ಮಕ್ಕಳು ತಯಾರಾಗುತ್ತಾರೆ. ಯಾವ ವಿಭಾಗ ಕಲಿಯಬೇಕು, ಎಲ್ಲಿಗೆ ಹೋಗಬೇಕು, ಯಾವಾಗ ವಾಪಸ್ ಬರಬೇಕು ಅಂತ ಯೋಚಿಸಲು ಅವರಿಗೆ ಸಮಯ ಇರುತ್ತದೆ.

ಸಂದರ್ಶನಕ್ಕೆ ಹೋಗುವವರೂ ಪ್ರಶ್ನೆ ಕೇಳಿ, ಕೇಳುವುದು ನಿಮ್ಮ ಹಕ್ಕು. ರಾತ್ರಿ ಶಿಫ್ಟ್‌ನಲ್ಲಿ ಒಬ್ಬರಿಗೆ ಎಷ್ಟು ರೋಗಿಗಳು? ಮೊದಲು ಎಷ್ಟು ವಾರ ನನ್ನ ಜೊತೆ ಹಿರಿಯ ನರ್ಸ್ ಇರುತ್ತಾರೆ? ಹೋದ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಇನ್ನೂ ಇದ್ದಾರೆ? ಬಾಂಡ್, ಅಂದರೆ ಇಂತಿಷ್ಟು ಕಾಲ ಬಿಟ್ಟು ಹೋಗುವುದಿಲ್ಲ ಎಂಬ ಕರಾರು ಇದೆಯಾ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು, ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುತ್ತಾರಾ? ಮೂಲ ಪ್ರಮಾಣಪತ್ರ ಕೊಟ್ಟು ಬನ್ನಿ ಅಂದರೆ ಕೊಡಬೇಡಿ, ನಕಲು ಕೊಟ್ಟು ಬನ್ನಿ. ಉಳಿದ ಮೂರು ಪ್ರಶ್ನೆಗಳಿಗೆ ಸಂಖ್ಯೆಯಲ್ಲಿ ಉತ್ತರ ಕೊಡುವ ಆಸ್ಪತ್ರೆ ಸಿಕ್ಕರೆ, ಅದು ಯಾವ ಊರಿನಲ್ಲೇ ಇರಲಿ, ಸೇರಿಕೊಳ್ಳಿ.